ಚಿಕ್ಕೋಡಿಯಲ್ಲಿ, ಕಿವಿಯಿಂದ ಬರೆದ ಪಾಲಿ

ಚಿಕ್ಕೋಡಿಗೆ ಬಂದ ಮೊದಲ ಬೆಳಗು ಎಚ್ಚರವಾದಾಗ, ಗೋಡೆಯಾಚೆ ಯಾರೋ ನನಗೆ ಗೊತ್ತಿಲ್ಲದ ಭಾಷೆಯಲ್ಲಿ ಮೆಲ್ಲಗೆ ರಾಗವಾಗಿ ಏನನ್ನೋ ಹೇಳುತ್ತಿದ್ದರು. ಕನ್ನಡವಲ್ಲ; ಹಿಂದಿನ ಸಂಜೆ ಬಸ್ ನಿಲ್ದಾಣದಲ್ಲಿ ಕಿವಿಗೆ ಬಿದ್ದ ಮರಾಠಿಯೂ ಅಲ್ಲ. ಆದರೂ ಒಂದೊಂದು ಪದ ಎಲ್ಲೋ ನೋಡಿದ ಮುಖದ ಹಾಗೆ ಹತ್ತಿರ ಬಂದು, ಹೆಸರು ಹೇಳದೆ ಹೋಗಿಬಿಡುತ್ತಿತ್ತು. ಕಿಟಕಿಯ ಹೊರಗೆ ಮಂಜು, ಮಂಜಿನೊಳಗೆ ಕಬ್ಬಿನ ಟ್ರ್ಯಾಕ್ಟರುಗಳ ಸದ್ದು. ಮರವಂತೆಯಲ್ಲಿ ಕಡಲಿನ ಮೊರೆತ ಕೇಳುತ್ತಾ ಏಳುತ್ತಿದ್ದ ನನಗೆ, ನಾನಿನ್ನೂ ನಿದ್ದೆಯಲ್ಲೇ ಇದ್ದೇನೇನೋ ಅನ್ನಿಸಿತು.

ಕಾಲೇಜಿನಲ್ಲಿ ಕಂಪ್ಯೂಟರ್ ಕಲಿಸುವ ಕೆಲಸ ನನ್ನನ್ನು ಇಲ್ಲಿಗೆ ತಂದಿತ್ತು. ಬಂದ ಸಂಜೆಯೇ, ಮೀನು ತಿನ್ನುವ, ಒಬ್ಬಳೇ ಇರುವ ಹೆಂಗಸೆಂದು ಮೂರು ಮನೆಗಳ ಬಾಗಿಲು ಮುಚ್ಚಿದ ಮೇಲೆ, ನಿವೃತ್ತ ಶಿಕ್ಷಕಿ ವಿಮಲಾ ಅಕ್ಕೋರು ತಮ್ಮ ಮನೆಯ ಮುಂದಿನ ಕೋಣೆಯನ್ನು ಬಾಡಿಗೆಗೆ ಕೊಟ್ಟಿದ್ದರು. ಶಾಲೆಯಲ್ಲಿ ಕಲಿಸುವ ಹೆಂಗಸರನ್ನು ಇಲ್ಲಿ ಅಕ್ಕೋರು ಎನ್ನುತ್ತಾರೆ. ನಮ್ಮಲ್ಲಿ ಅದು ಬರೀ ಟೀಚರ್.

ಒಂದೇ ರಾಜ್ಯ, ಒಂದೇ ಭಾಷೆ ಎಂದುಕೊಂಡು ಬಂದವಳು ನಾನು. "ಹಾಲು ಉಂಟಾ?" ಎಂದರೆ ಅಂಗಡಿಯವ ನಗುತ್ತಿದ್ದ. ಇಲ್ಲಿ ಫೋನನ್ನೂ ಹಚ್ಚುತ್ತಾರೆ, ದೀಪವನ್ನೂ ಹಚ್ಚುತ್ತಾರೆ, ಮಕ್ಕಳನ್ನು ಶಾಲೆಗೂ ಹಚ್ಚುತ್ತಾರೆ. ಕುಚ್ಚಲಕ್ಕಿ ಗಂಜಿಯಿಲ್ಲದೆ ಮೊದಲ ವಾರ ಹೊಟ್ಟೆ ತುಂಬಿದರೂ ಉಂಡಂತೆ ಅನ್ನಿಸುತ್ತಿರಲಿಲ್ಲ. ನಾನು ತಟ್ಟಿದ ರೊಟ್ಟಿ ಮೊದಲ ಸಲ ಹರಿಯದೆ ಹಂಚಿಗೆ ಬಿದ್ದ ದಿನ ಅಕ್ಕೋರು, "ಇನ್ನ ನೀ ನಮ್ಮಾಕಿ ಆದಿ, ಯವ್ವಾ" ಎಂದರು.

ಬೆಳಗ್ಗೆ ಅಕ್ಕೋರು ಹೇಳುತ್ತಿದ್ದ ಆ ಭಾಷೆ ಪಾಲಿ ಎಂದು ತಿಳಿದದ್ದು ಅಂದೇ. ಅವರ ಅಪ್ಪ ನಿಪ್ಪಾಣಿಯ ತಂಬಾಕಿನ ಗೋದಾಮಿನಲ್ಲಿ ದುಡಿಯುತ್ತಿದ್ದವರು. ಬೌದ್ಧ ಧಮ್ಮ ಸ್ವೀಕರಿಸಿದ ಮೇಲೆ, ಸಭೆಗಳಲ್ಲಿ ಕೇಳಿದ ಪಾಲಿ ಪಾಠಗಳನ್ನೆಲ್ಲ ಕನ್ನಡ ಅಕ್ಷರದಲ್ಲಿ ಒಂದು ವಹಿಯಲ್ಲಿ ಬರೆದಿಟ್ಟಿದ್ದರು. ವಹಿ ಎಂದರೆ ನೋಟ್‌ಬುಕ್. ಅದು ಯಾರ ಬಳಿ ಇರಬೇಕೆಂಬ ಜಗಳದಲ್ಲೇ ಅಕ್ಕೋರಿಗೂ ಅಕ್ಕೋಳ ಎಂಬ ಊರಿನಲ್ಲಿರುವ ಅವರ ತಂಗಿ ಸುಲೋಚನಾಗೂ ಮಾತು ನಿಂತು ಹನ್ನೊಂದು ವರ್ಷವಾಗಿತ್ತು.

"ದಿನಾ ಹೇಳ್ತೀನಿ. ಅರ್ಥ ಮಾತ್ರ ಗೊತ್ತಿಲ್ಲ. ನಿನ್ನ ಕಂಪ್ಯೂಟರ್‌ನ್ಯಾಗ ಸಿಗತೈತೇನು?" ಎಂದು ಅವರು ಕೇಳಿದರು.

ಪಾಲಿ ಪಠ್ಯಗಳನ್ನು ಓದಲು, ಪದಗಳ ಅರ್ಥ ಹುಡುಕಲು ಒಂದು ತಂತ್ರಾಂಶವಿತ್ತು. ಅದನ್ನು ನೋಡಿಕೊಳ್ಳುವವರು ದೂರದೂರದ ಕೆಲವು ಸ್ವಯಂಸೇವಕರು. ಕನ್ನಡ ಲಿಪಿಯಲ್ಲೂ ಪದ ಹಾಕಬಹುದಿತ್ತು. ವಹಿ ತೆರೆದು ಹುಡುಕತೊಡಗಿದೆ. 'ದಮ್ಮ' ಸಿಗಲಿಲ್ಲ. ಶರಣು ಹೋಗುವ ಸಾಲಿನ 'ಸಂಗ' ಸಿಕ್ಕಿತು. ಅರ್ಥ: ಅಂಟು, ಮೋಹ.

ಅಕ್ಕೋರ ಮುಖ ಕೆಂಪಾಯಿತು. "ನಮ್ಮಪ್ಪ ಮೋಹಕ್ಕ ಶರಣ ಹೋಗಿದ್ನೇನು?"

"ಇಲ್ಲ ಅಕ್ಕೋರೆ, ಇದು ಸಂಘ ಆಗಬೇಕು. ಅಪ್ಪ ಬರೆಯುವಾಗ…"

"ತಪ್ಪ ಬರದಾನ ಅನ್ನು."

ವಹಿ ಮುಚ್ಚಿಕೊಂಡು ಒಳಗೆ ಹೋದರು. ಎರಡು ದಿನ ನನ್ನೊಂದಿಗೆ ಮಾತಿಲ್ಲ.

ಅಪ್ಪನಿಗೆ ಬಾರದಿದ್ದದ್ದು ಪಾಲಿಯಲ್ಲ. ಈ ನೆಲದ ನಾಲಿಗೆ ಮಹಾಪ್ರಾಣವನ್ನು ಹಗುರ ಮಾಡುತ್ತದೆ, ನಮ್ಮ ಕರಾವಳಿಯ ನಾಲಿಗೆಯೂ ಅಷ್ಟೆ. ಅವರು ಕೇಳಿದಂತೆ ಬರೆದಿದ್ದರು. ತಂತ್ರಾಂಶಕ್ಕೆ ಕಿವಿಯಿರಲಿಲ್ಲ. ನಾನು ಕೂತು ಹುಡುಕಾಟಕ್ಕೆ ಹೊಸ ಕೋಡ್ ಬರೆದು ಸ್ವಯಂಸೇವಕರಿಗೆ ಕಳಿಸಿದೆ: ಅಲ್ಪಪ್ರಾಣ ಕೊಟ್ಟರೆ ಮಹಾಪ್ರಾಣವನ್ನೂ ನೋಡಬೇಕು, ಪದದ ಕೊನೆಯ ಪ್ರತ್ಯಯ ಕಳಚಿ ಮೂಲವನ್ನು ಹುಡುಕಬೇಕು. ತಪ್ಪು ಕಾಗುಣಿತಕ್ಕೆ ಬಾಗಿಲು ತೆರೆಯಬಾರದೆಂದು ಸ್ವಯಂಸೇವಕರು ಒಪ್ಪಲಿಲ್ಲ. ಈ ಪಾಠಗಳನ್ನು ಮೊದಲು ಉಳಿಸಿಕೊಂಡು ಬಂದವರೂ ಕಿವಿಯಿಂದಲೇ ಕಲಿತವರಲ್ಲವೇ ಎಂದು ಬರೆದೆ. ಕೊನೆಗೆ, ಹಾಕಿದ ಪದದ ಪಕ್ಕದಲ್ಲೇ ಸರಿಯಾದ ರೂಪವನ್ನೂ ತೋರಿಸುವುದಾದರೆ ಆಗಬಹುದು ಎಂದರು.

ಹೊಸ ರೂಪ ಸಿದ್ಧವಾದ ಸಂಜೆ ಅಕ್ಕೋರನ್ನು ಕರೆದೆ. ಈ ಸಲ 'ದಮ್ಮ' ಎಂದರೆ ಧಮ್ಮ ಬಂತು, 'ಸಂಗ' ಎಂದರೆ ಸಂಘವೂ ಬಂತು. ಅವರು ಒಂದೊಂದೇ ಪದ ಹೇಳುತ್ತಾ ಹೋದರು. ದಿನಾ ಹೇಳುವ ಹಾರೈಕೆಯ ಸಾಲಿನ 'ಸತ್ತಾ' ಎಂದಾಗ ನಾನು ಓದಿದೆ: "ಜೀವಿಗಳು. ಉಸಿರಾಡುವ ಎಲ್ಲರೂ."

"ಏನಂದಿ?"

ಮತ್ತೆ ಓದಿದೆ.

ಅವರು ವಹಿಯ ಆ ಸಾಲಿನ ಮೇಲೆ ಬೆರಳಿಟ್ಟರು. ಹೊರಗೆ ಬೆಲ್ಲದ ಗಾಣದ ಸಿಹಿ ಹೊಗೆ ಬೀದಿಯ ಮೇಲೆ ತೇಲುತ್ತಿತ್ತು. ಆಮೇಲೆ ಹೇಳಿದರು: "ಸಣ್ಣಾಕಿ ಇದ್ದಾಗಿಂದ ಅದನ್ನ ಸತ್ತವರು ಅಂತ ತಿಳಕೊಂಡಿದ್ದೆ ನೋಡು. ಸತ್ತಾರೆಲ್ಲಾ ಸುಖವಾಗಿರ್ಲಿ ಅಂತ. ಅವ್ವನ್ನ ನೆನಿಸಿ ಹೇಳ್ತಿದ್ದೆ, ಆಮ್ಯಾಲ ಅಪ್ಪನ್ನ. ಇದ್ದಾರನ್ನ ಒಂದ್ ದಿನಾನೂ ನೆನಿಸಲಿಲ್ಲಲ್ಲ."

ಒಳಗಿಂದ ಫೋನು ತಂದರು. "ಸುಲೋಚನಾಗ ಹಚ್ಚಿ ಕೊಡು."

ಹಚ್ಚಿ ಕೊಟ್ಟೆ. ಅಕ್ಕೋರು ಫೋನನ್ನು ಕಿವಿಗೆ ಒತ್ತಿ ಹಿಡಿದರು. ಆ ಕಡೆಯಿಂದ ದೊಡ್ಡ ದನಿಯೊಂದು ನನಗೂ ಕೇಳಿಸಿತು: "ಅಕ್ಕಾ? ಉಂಡೇನ?"

ಮುಂದಿನ ಭಾನುವಾರ ನಿಪ್ಪಾಣಿಯ ಮೇಲೆ ಅಕ್ಕೋಳಕ್ಕೆ ಹೋದೆವು. ಅಕ್ಕ ತಂಗಿ ಒಂದೇ ಹಾಸಿಗೆಯಂಚಿನಲ್ಲಿ ಕೂತು ನಾನು ವಹಿಯಿಂದ ಟ್ಯಾಬಿಗೆ ತುಂಬಿಸಿಕೊಟ್ಟಿದ್ದ ಅಪ್ಪನ ಪಾಠವನ್ನು ದೊಡ್ಡ ಅಕ್ಷರಗಳಲ್ಲಿ ಓದಿದರು. ನಾನು ತಪ್ಪಾಗಿ ತುಂಬಿದ್ದ ಒಂದು ಸಾಲನ್ನು ಸುಲೋಚನಾ ನೆನಪಿನಿಂದಲೇ ತಿದ್ದಿದರು. ನನಗೆ ಅಲ್ಲಿ ಕೆಲಸವಿರಲಿಲ್ಲ. ಬಾಗಿಲ ಬಳಿ ಕೂತು ಕಬ್ಬಿನ ಹೂಗಳು ಗಾಳಿಗೆ ಬೆಳ್ಳಗೆ ಬಾಗುವುದನ್ನು ನೋಡುತ್ತಿದ್ದೆ. ತಟ್ಟನೆ ಮರವಂತೆಯಲ್ಲಿರುವ ನನ್ನ ಸ್ವಂತ ತಂಗಿ ನೆನಪಾದಳು.

ಕಳೆದ ವಾರ ಸ್ವಯಂಸೇವಕರು ನನ್ನ ಹೆಸರನ್ನೂ ತಮ್ಮ ಪಟ್ಟಿಗೆ ಸೇರಿಸುತ್ತೇವೆಂದು ತುಂಬಲು ಒಂದು ಅರ್ಜಿ ಕಳಿಸಿದರು. ಹೆಸರು ಬರೆದೆ. ಊರು ಎಂಬಲ್ಲಿ ಮರವಂತೆ ಎಂದು ಬರೆದು ಅಳಿಸಿದೆ. ಚಿಕ್ಕೋಡಿ ಎಂದು ಬರೆದೆ. ಅಮ್ಮ ನೋಡಿದರೆ ಏನೆಂದುಕೊಂಡಾಳು ಅನ್ನಿಸಿ ಅದನ್ನೂ ಅಳಿಸಿದೆ.

ಅಕ್ಕೋರು ಹೆಗಲ ಮೇಲಿಂದ ಇಣುಕಿ, "ಎರಡೂ ಬರಿ. ಅದಕ್ಯಾಕ ಇಷ್ಟ ವಿಚಾರ?" ಎಂದರು.

"ಒಂದೇ ಊರು ಹಿಡಿತೈತ್ರಿ ಇದ್ರಾಗ" ಎಂದೆ.

ಹೇಳಿದ ಮೇಲೆಯೇ ನನ್ನ ಬಾಯಿಂದ ಬಂದ ಕನ್ನಡ ಯಾವುದೆಂದು ನನಗೆ ಕೇಳಿಸಿದ್ದು.