ಬೀಡಿಕಟ್ಟಿನ ಅಳು

ಆಗ ನಮ್ಮ ಮನೆಗೆಲ್ಲ ಸೇರಿ ಇದ್ದದ್ದು ಒಂದೇ ಫೋನು. ಅದೂ ಅಪ್ಪನ ಅಂಗಿಯ ಜೇಬಿನಲ್ಲಿರುತ್ತಿತ್ತು. ಅಪ್ಪ ಸಂತೆಕಲ್ಲೂರಿನಿಂದ ಮಸ್ಕಿಗೆ ಟಂಟಂ ಆಟೋ ಓಡಿಸುತ್ತಿದ್ದ. ಎಲ್ಲ ಮೊದಲಿನಂತೆಯೇ ಇದ್ದ ಕೊನೆಯ ದಿನ ಒಂದು ರವಿವಾರ. ಅಜ್ಜಿ ರೊಟ್ಟಿ ಬಡಿಯುತ್ತಿದ್ದಳು. ಅಪ್ಪ ಬಾಗಿಲಲ್ಲಿ ನಿಂತು ಬಸ್ ಕಂಡಕ್ಟರನ ದನಿಯಲ್ಲಿ ಅವಳನ್ನು ಟಿಕೆಟ್ ಕೇಳಿದ. ಅಜ್ಜಿ ಹಿಟ್ಟಿನ ಕೈಯಿಂದಲೇ ಬಾಯಿ ಮುಚ್ಚಿಕೊಂಡು ನಕ್ಕಳು. ಮುಂದಿನ ಹಲ್ಲು ಬಿದ್ದ ಮೇಲೆ ಅವಳು ನಗುತ್ತಿದ್ದದ್ದೇ ಹಾಗೆ. ಗದ್ದಕ್ಕೆಲ್ಲ ಹಿಟ್ಟು.

ಮರುದಿನ, ಟಂಟಂ ತುಂಬಲೆಂದು ಕಾಯುವಾಗ, ಅಪ್ಪ ಜನರನ್ನು ನಗಿಸಲು ಅಜ್ಜಿಯಂತೆ ಅತ್ತು ತೋರಿಸಿದ. ನಮ್ಮ ಕಡೆ ಸತ್ತವರ ಮುಂದೆ ಹೆಂಗಸರು ಹಾಡಿಕೊಂಡು ಅಳುತ್ತಾರೆ. ಅಜ್ಜಿ ಅದರಲ್ಲಿ ಹೆಸರಾದವಳು. ಯಾರ ಮನೆಯಲ್ಲಿ ಸಾವಾದರೂ ಅವಳನ್ನು ಕರೆಯುತ್ತಿದ್ದರು. ಅಪ್ಪ ಮಾಡಿ ತೋರಿಸಿದ್ದು ಅಜ್ಜ ಸತ್ತಾಗ ಅವಳು ಹಾಡಿದ್ದನ್ನು: “ಬೀಡಿಕಟ್ಟು ತಲಿದಿಂಬಿನ ಕೆಳಗ ಬಿಟ್ಟು ಹೊಂಟ್ಯಲ್ಲೋ, ದಾರ್ಯಾಗ ಏನ್ ಸೇದ್ತೀಯೋ ನನ್ನ ರಾಜಾ.”

ಯಾರೋ ಅದನ್ನು ಫೋನಿನಲ್ಲಿ ಹಿಡಿದರು. ವಾರದೊಳಗೆ ಎಲ್ಲರ ಫೋನಿಗೂ ಬಂತು. ಸಿಂಧನೂರಿನ ಹಾಸ್ಯ ಕಾರ್ಯಕ್ರಮದ ವೇದಿಕೆಗೆ ಕರೆದು ಅಪ್ಪನಿಗೆ ಹಾರ ಹಾಕಿದರು. ಅಜ್ಜಿಯೊಬ್ಬಳಿಗೆ ಮಾತ್ರ ಅವನು ಏನು ಮಾಡುತ್ತಾನೆಂದು ಗೊತ್ತಿರಲಿಲ್ಲ. ನಾನೂ ಹೇಳಲಿಲ್ಲ.

ಲಿಂಗಸುಗೂರಿನ ಕಾರ್ಯಕ್ರಮಕ್ಕೆ ಅಜ್ಜಿ ಇಳಕಲ್ ಸೀರೆ ಉಟ್ಟು ತಾನೂ ಹೊರಟು ನಿಂತಳು. ಮಗನ ಹೆಸರು ಮೈಕಿನಲ್ಲಿ ಕೇಳಬೇಕಂತೆ. ಅವಳನ್ನು ಮೊದಲ ಸಾಲಿನಲ್ಲಿ ಕೂರಿಸಿದರು. ನಾನು ವೇದಿಕೆಯ ಹಿಂದಕ್ಕೆ ಓಡಿದೆ.

“ಅಪ್ಪಾ, ಅಜ್ಜಿ ಮುಂದ ಕುಂತಾಳ. ಅದೊಂದು ಮಾಡಬ್ಯಾಡ.”

“ಮಾಡೂದಿಲ್ಲ ಬಿಡವ್ವಿ,” ಎಂದ.

ವೇದಿಕೆಗೆ ಬಂದು ಮೊದಲು ಕಂಡಕ್ಟರನನ್ನು ಮಾಡಿದ, ಜನ ನಕ್ಕರು. ಹಿಂದಿನಿಂದ ಒಬ್ಬ ‘ಬೀಡಿಕಟ್ಟು’ ಎಂದು ಕೂಗಿದ. ಅಪ್ಪ ಕೇಳಿಸದವನಂತೆ ಸಾಲಿ ಮಾಸ್ತರನನ್ನು ಮಾಡಿದ. ಯಾರೂ ನಗಲಿಲ್ಲ. ಇಡೀ ಮೈದಾನವೇ ‘ಬೀಡಿಕಟ್ಟು, ಬೀಡಿಕಟ್ಟು’ ಎನ್ನತೊಡಗಿತು. ಏನದು ಎಂದು ಅಜ್ಜಿ, ಪಕ್ಕಕ್ಕೆ ಬಂದು ಕೂತಿದ್ದ ನನ್ನನ್ನು ಕೇಳಿದಳು. ಅಪ್ಪ ಒಮ್ಮೆ ನಮ್ಮ ಕಡೆ ನೋಡಿದ. ಆಮೇಲೆ ಹೆಗಲ ಮೇಲಿನ ಟವೆಲ್ಲನ್ನು ಸೆರಗಿನಂತೆ ತಲೆಗೆ ಎಳೆದುಕೊಂಡ.

ಜನ ಕುರ್ಚಿಯಿಂದ ಎದ್ದು ನಕ್ಕರು. ಅಜ್ಜಿ ಬಾಯಿಗೆ ಕೈ ಒತ್ತಿಕೊಂಡಿದ್ದಳು. ನಗುತ್ತಿದ್ದಾಳೆಂದು ಒಂದು ಕ್ಷಣ ನನಗೆ ಜೀವ ಬಂದಂತಾಯಿತು.

ವಾಪಸು ಟಂಟಂನಲ್ಲಿ ಅಪ್ಪನ ಹಿಂದೆ ಕೂತು ಹೊರಟೆವು. ಅರ್ಧ ದಾರಿಯಲ್ಲಿ ಅಜ್ಜಿ ಕೇಳಿದಳು: “ಲೇ, ನಾ ಹಂಗ ಅತ್ತಿದ್ನೇನು?”

ಅಪ್ಪ ಗೇರು ಬದಲಿಸಿ ಟಂಟಂ ಜೋರಾಗಿ ಓಡಿಸಿದ.

ಅಂದಿನಿಂದ ಅಜ್ಜಿ ಸಾವಿನ ಮನೆಗಳಿಗೆ ಹೋಗಿ ಸುಮ್ಮನೆ ಕೂತು ಬರತೊಡಗಿದಳು. ಅಪ್ಪನ ಹೆಸರು ಬೆಳೆಯಿತು. ಸಿಂಧನೂರಿನ ಬಸ್‌ಸ್ಟ್ಯಾಂಡಿನಲ್ಲಿ ಜನ ಕೈಹಿಡಿದು ಫೋಟೋ ತೆಗೆಸಿಕೊಳ್ಳುತ್ತಿದ್ದರು. ಮನೆಗೆ ಬಂದವನು ಬಾಗಿಲಲ್ಲಿ ಮತ್ತೆ ಟಿಕೆಟ್ ಕೇಳುತ್ತಿದ್ದ. ಅಜ್ಜಿ ರೊಟ್ಟಿ ಬಡಿಯುತ್ತಲೇ ಇರುತ್ತಿದ್ದಳು. “ಇಷ್ಟು ಮಂದಿ ನಗ್ತಾರ, ಮನಿಗೆ ಬಂದ್ರ ಏನೂ ಮಾಡಿಲ್ಲ ಅನ್ನಸ್ತೈತಿ,” ಎಂದು ಒಮ್ಮೆ ನನ್ನೆದುರು ಅಂದ.

ಹೋದ ವರ್ಷ ಅಪ್ಪ ತೀರಿಕೊಂಡ. ಅಂಗಳದ ತುಂಬ ಜನ. ಅಜ್ಜಿ ಅವನ ತಲೆಯ ಹತ್ತಿರ ಕೂತಳು. ಅವಳು ಶುರು ಮಾಡಲೆಂದು ಹೆಂಗಸರು ಕಾದರು. ಅವಳು ಬಾಯಿ ತೆರೆದಳು. ಎದುರಿಗೆ ನಾಲ್ಕೈದು ಮಂದಿ ಫೋನು ಎತ್ತಿ ಹಿಡಿದಿದ್ದರು. ಅಜ್ಜಿ ಸೆರಗನ್ನು ಬಾಯಿಗೆ ತುರುಕಿಕೊಂಡಳು.

ಮಸ್ಕಿಯ ಹೋಟೆಲುಗಳಲ್ಲಿ ಈಗಲೂ ಪಕ್ಕದ ಟೇಬಲಿನ ಫೋನಿನಿಂದ ಅಪ್ಪನ ದನಿ ಕೇಳುತ್ತದೆ. ಜನ ನಗುತ್ತಾರೆ. ಅವನಿಗಾಗಿ ಹಾಡಿ ಅತ್ತವರು ಇನ್ನೂ ಯಾರೂ ಇಲ್ಲ.