ಮಂದೆ ಗೇಟಿನ ಹೊರಗೆ ನಿಂತ ಸಂಜೆ

ಕುರಿಮಂದೆ ಬರುತ್ತಿದೆ ಅಂತ ಮೊದಲು ತಿಳಿಸುವುದು ಅದರ ಅರಚಾಟವಲ್ಲ, ಕೆಮ್ಮು. ಧೂಳಿನಲ್ಲಿ ದಿನವಿಡೀ ನಡೆದು ಗಂಟಲು ಒಣಗಿದ ಕುರಿಗಳು ಒಂದಾದ ಮೇಲೊಂದು ಕೆಮ್ಮುತ್ತವೆ, ಕಾನ್ವೆಂಟಿನ ಚಾಪೆಲ್‌ನಲ್ಲಿ ಪ್ರೇಯರ್‌ಗೆ ಮುಂಚೆ ನಾವು ಹುಡುಗಿಯರು ಕೆಮ್ಮುತ್ತಿದ್ದ ಹಾಗೆಯೇ. ಆ ವರ್ಷ ಆ ಸದ್ದಿಗಾಗಿ ಮನೆಮಂದಿಯೆಲ್ಲ ಕಾದಿದ್ದೆವು. ಕೊನೆಗೊಂದು ಸಂಜೆ ಕೇಳಿತು. ಕೇಳಿದ ಕೂಡಲೇ ನಾನು ಮಂದೆ ತಡೆಯಲು ರಸ್ತೆಗೆ ಓಡಿದೆ.

ಯಾಕೆ ಅಂತ ಹೇಳಬೇಕಾದರೆ ತೋಟದಿಂದ ಶುರುಮಾಡಬೇಕು. ಹಿಂದೂಪುರದಿಂದ ಸೋಮಂದೇಪಲ್ಲಿಗೆ ಹೋಗುವ ದಾರಿಯಲ್ಲಿ ನಮ್ಮತ್ತೆಯ ಚೀನಿ ತೋಟ. ಮೂಸಂಬಿಗೆ ನಮ್ಮ ಕಡೆ ಚೀನಿ ಅನ್ನುತ್ತಾರೆ. ಮಾವನವರು ಹೋದ ಮೇಲೆ ಅತ್ತೆ ತಾವೇ ನಿಂತು ನೆಡಿಸಿದ ಗಿಡಗಳು. ಸಂಕ್ರಾಂತಿ ಹತ್ತಿರ ಬಂದರೆ ಅವಕ್ಕೆ ನೀರು ನಿಲ್ಲಿಸಿಬಿಡುತ್ತಿದ್ದರು. ಎಲೆ ಸುರುಳಿ ಸುತ್ತಿ, ಇನ್ನೇನು ಗಿಡ ಸತ್ತೇ ಹೋಯಿತು ಅನ್ನುವಾಗ ಕಲ್ಯಾಣದುರ್ಗದ ಕಡೆಯಿಂದ ಒಬ್ಬ ಕುರಿಯವನು ಮಂದೆ ಹೊಡೆದುಕೊಂಡು ಬರುತ್ತಿದ್ದ. ಕುರಿಗಳು ಕೆಲವು ರಾತ್ರಿ ಗಿಡದ ಬುಡದಲ್ಲೇ ಮಲಗಬೇಕು. ಅವುಗಳ ಹಿಕ್ಕೆ, ಉಚ್ಚೆ ಪಾತಿಗೆ ಬಿದ್ದ ಮೇಲೆಯೇ ನೀರು. ಆಗ ಗಿಡ ಮೈತುಂಬ ಹೂ ಬಿಡುತ್ತದೆ. ಮುಂಚೆಯೇ ನೀರು ಕೊಟ್ಟರೆ ಬರೀ ಎಲೆ ಅನ್ನುವುದು ಅತ್ತೆಯ ಥಿಯರಿ. ಮದುವೆಯಾಗಿ ಬಂದ ಹೊಸದರಲ್ಲಿ ನನಗೆ ಇದು ಪ್ಯೂರ್ ಕ್ರೂಯಲ್ಟಿ ಅನ್ನಿಸಿತ್ತು. ಆಮೇಲಾಮೇಲೆ ನಾನೂ ಎಲೆ ಮುಟ್ಟಿ ನೋಡುವುದನ್ನು ಕಲಿತೆ.

ನಾನು ಹೇಳುತ್ತಿರುವುದು ಎಂಬತ್ತರ ದಶಕದ ಶುರುವಿನ ಮಾತು. ಹಿಂದಿನ ಸಲ ಹೂ ಸರಿಯಾಗಿ ಕಚ್ಚಿರಲಿಲ್ಲ. ಸುತ್ತಮುತ್ತ ಎಲ್ಲರೂ ಹಿಪ್ಪುನೇರಳೆ ಹಾಕಿ ರೇಷ್ಮೆಹುಳ ಸಾಕುತ್ತಿದ್ದರು. ಮೈದುನ ತಾಯಿಗೆ ಖಡಾಖಂಡಿತವಾಗಿ ಹೇಳಿದ್ದ: "ಈ ಸಲವೂ ಹೂ ಬರದಿದ್ರೆ ಗಿಡ ಕೀಳ್ಸಿಬಿಡ್ತೀನಮ್ಮ. ಆಮೇಲೆ ಅಳಬಾರ್ದು."

"ಆಗ್ಲಿ ಕಣಪ್ಪ," ಅಂದಿದ್ದರು ಅತ್ತೆ. ಒಮ್ಮೆ ಒಪ್ಪಿದರೆ ಅವರು ಹಿಂದೆ ಸರಿಯುವವರಲ್ಲ.

ಮಂದೆ ಬರುವ ಕಾಲ ಕಳೆಯಿತು, ಬರಲಿಲ್ಲ. ಎಲೆಗಳು ಮುಟ್ಟಿದರೆ ಹಪ್ಪಳದ ಹಾಗೆ ಮುರಿಯತೊಡಗಿದವು. ಕೀಳ್ಸ್ತೀನಿ ಅಂದವನಿಗೇ ಅದನ್ನು ನೋಡಲಾಗಲಿಲ್ಲ. ಅತ್ತೆ ಮಂದೆಯ ಸುದ್ದಿ ವಿಚಾರಿಸಲು ಸೋಮಂದೇಪಲ್ಲಿಗೆ ಹೋಗಿದ್ದ ದಿನ, ಎರಡು ಮೂಟೆ ಯೂರಿಯಾ ತಂದು ಪಾತಿಪಾತಿಗೂ ಎರಚಿದ. ಕರೆಂಟು ಬಂದ ತಕ್ಷಣ ಮೋಟರ್ ಹಾಕಿ ನೀರು ಬಿಡುವ ಪ್ಲಾನು. ಕರೆಂಟು ಬರಲಿಲ್ಲ. ಬಿಳಿ ಹರಳು ಒಣ ಮಣ್ಣಿನ ಮೇಲೆ ಹಾಗೇ ಬಿದ್ದಿತ್ತು, ಉಪ್ಪು ಚೆಲ್ಲಿದಂತೆ. ಕುರಿಗೆ ಉಪ್ಪು ಅಂದರೆ ಪ್ರಾಣ. ಹಿಂದಿನ ವರ್ಷವಷ್ಟೇ ಪಕ್ಕದ ಊರಲ್ಲಿ ಯಾರದೋ ಮೇಕೆ ಯೂರಿಯಾ ನೆಕ್ಕಿ, ಹೊಟ್ಟೆ ಉಬ್ಬಿ, ಒದ್ದಾಡಿ ಸತ್ತಿತ್ತು.

ಆಗಲೇ ಕೆಮ್ಮು ಕೇಳಿಸಿದ್ದು. ರಸ್ತೆಗೆ ಓಡಿ ನೋಡಿದರೆ ಮಂದೆಯ ಮುಂದೆ ಅತ್ತೆಯೇ ನಡೆದು ಬರುತ್ತಿದ್ದಾರೆ. ಸೆರಗು ಸೊಂಟಕ್ಕೆ ಸಿಕ್ಕಿಸಿ, ಮುಖವೆಲ್ಲ ನಗು.

ಹಿಂದೆಯೇ ಓಡಿ ಬಂದ ಮೈದುನ ನನ್ನ ತೋಳು ಹಿಡಿದ. "ಅತ್ತಿಗೆ, ಬಾಯಿ ಬಿಡಬೇಡಿ. ಗೇಟಿನ ಹತ್ರದ ಸಾಲಿನಲ್ಲಿ ಕಮ್ಮಿ ಬಿದ್ದಿದೆ. ಅಲ್ಲೇ ಕಟ್ಟಿಸೋಣ, ಏನೂ ಆಗಲ್ಲ."

"ಆರ್ ಯು ಮ್ಯಾಡ್?" ಅಂದೆ. ಕೈ ಕೊಸರಿಕೊಂಡು ಹೋಗಿ ಅತ್ತೆಯ ಕಿವಿಯಲ್ಲಿ ಹೇಳಿದೆ.

ಅತ್ತೆಯ ನಗು ಆರಿತು. ಮಗನನ್ನು ಒಮ್ಮೆ ನೋಡಿದರು. ನೇರ ಹೋಗಿ ಗೇಟು ಎಳೆದು, ಅದಕ್ಕೆ ಬೆನ್ನು ಕೊಟ್ಟು ನಿಂತರು.

"ಇದೇನಕ್ಕಯ್ಯಾ?" ಅಂದ ಕುರಿಯವನು. "ದಾರಿಯುದ್ದಕ್ಕೂ ಬಾ ಬಾ ಅಂತ ಕರ್ಕಂಬಂದು ಗೇಟಾಕ್ತೀಯ? ಬೇರೆ ಮಂದೆಯೋನ್ಗೆ ಮಾತು ಕೊಟ್ಬುಟ್ಟಾ?"

"ಇಲ್ಲ ಕಣಪ್ಪ. ನನ್ ಮಗ ಯೂರಿಯಾ ಚೆಲ್ಲವ್ನೆ."

ಅವನು ಬಾಯಿ ಬಿಟ್ಟುಕೊಂಡು ನಿಂತ. "ಅಯ್ಯೋ ದೇವುಡಾ! ಓದ್ಸಿದ್ದು ಇದ್ಕೇನಕ್ಕಾ?"

ಮಂದೆಗೆ ಇದೆಲ್ಲ ಎಲ್ಲಿ ಅರ್ಥವಾಗಬೇಕು? ಬಾಯಾರಿದ್ದವು, ಗಿಡಗಳು ಕಣ್ಣಿಗೆ ಬಿದ್ದಿದ್ದವು. ಹಿಂದಿನವು ಮುಂದಿನವನ್ನು ನೂಕಿದವು. ಕುರಿಯವನು ಕೋಲು ಅಡ್ಡ ಹಿಡಿದು ಹುರ್ರ್ ಹುರ್ರ್ ಅಂತ ಕೂಗಿದ, ಮೈದುನ ತೋಳು ಚಾಚಿ ನಿಂತ. ಅಷ್ಟರಲ್ಲಿ ಒಂದು ಕುರಿ ಬೇಲಿಯ ಸಂದಿನಲ್ಲಿ ನುಗ್ಗಿ ಮೊದಲ ಪಾತಿಗೆ ಮೂತಿ ಇಟ್ಟೇಬಿಟ್ಟಿತು. ನಾನು ಹೇಗೆ ಬೇಲಿ ಹಾರಿದೆನೋ ಕಾಣೆ. ಅದರ ಹಿಂಗಾಲು ಹಿಡಿದು, ಸೀರೆ ಸಮೇತ ಮಣ್ಣಿಗೆ ಬಿದ್ದೆ. ಕಾನ್ವೆಂಟಿನಲ್ಲಿ ಥ್ರೋಬಾಲ್ ಆಡುವಾಗ ಸಿಸ್ಟರ್ "ಲೇಡೀಸ್ ಡೋಂಟ್ ಡೈವ್" ಅನ್ನುತ್ತಿದ್ದರು. ನಾನು ಹಿಡಿದ ಕಾಲು ಬಿಡಲಿಲ್ಲ. ಕುರಿಯವನು ಬಂದು ಅದರ ಬಾಯಿ ಅಗಲಿಸಿ, ಕಂಬಳಿ ಅಂಚಿನಿಂದ ನಾಲಿಗೆ ಒರೆಸಿದ. ಒರೆಸುತ್ತಲೇ ಅಂದ: "ಅಕ್ಕಯ್ಯಾ, ಸೊಸೇನ ನಮ್ಮಟ್ಟಿಗೆ ಕೊಟ್ಬುಡು. ಕುರಿ ಚೆಂದಾಗಿ ಹಿಡೀತಾಳೆ."

ಆ ರಾತ್ರಿ ಮಂದೆ ಪಕ್ಕದವರ ಕಡಲೆಕಾಯಿ ಕಿತ್ತ ಹೊಲದಲ್ಲಿ ಮಲಗಿತು. ಮಂದೆ ಎಲ್ಲಿ ಮಲಗುತ್ತದೋ ಗೊಬ್ಬರ ಆ ಹೊಲದವರದು. ಪಕ್ಕದ ಮನೆಯಾಕೆ ಬೆಳಿಗ್ಗೆ ಬೇಲಿ ಹತ್ತಿರ ಬಂದು, "ನಿಮ್ ನೆಂಟ್ರು ನಮ್ಮನೇಲಿ ಇಳ್ಕಂಡವ್ರೆ ಕಣಮ್ಮ!" ಅಂತ ನಕ್ಕು ಹೋದಳು.

ಬೆಳಗಿನಿಂದ ಮೈದುನ, ನಾನು, ಅತ್ತೆ ಪಾತಿಗಳ ಮೇಲ್ಮಣ್ಣು ಕೆರೆದೆವು. ಕೆರೆದದ್ದನ್ನು ಮಂಕರಿಯಲ್ಲಿ ಹೊತ್ತು ದೂರದ ಗುಂಡಿಗೆ ಸುರಿದೆವು. ಆಮೇಲೆ ಅತ್ತೆ ಹೋಗಿ ಕುರಿಯವನನ್ನು ಕರೆದರು.

"ನಾಳೀಕೆ ಗೋರಂಟ್ಲದ ತೋಟದೋರು ಕಾಯ್ತಾವ್ರೆ," ಅಂದ ಅವನು. "ಅದೂ ಹೋಗ್ಲಿ. ಒಂದು ಹರಳು ಉಳ್ಕಂಡಿದ್ರೆ? ಏನು ನಂಬ್ಕಂಡು ಬಿಡ್ಲಿ ನಾನು?"

"ನಮ್ ಹಸೂನ ಮೊದ್ಲು ಕಟ್ತೀನಿ. ಸಾಯಂಕಾಲದ್ ತಂಕ ನೋಡು. ಅದು ಚೆಂದಾಗಿದ್ರೆ ಬುಡು."

ಮನೆಗಿದ್ದದ್ದು ಅದೊಂದೇ ಕರಾವಿನ ಹಸು. ನನ್ನ ಪುಟ್ಟ ಮಗಳು ಕುಡಿಯುತ್ತಿದ್ದದ್ದು ಅದರ ಹಾಲು. ಅತ್ತೆ ಹಗ್ಗ ಹಿಡಿದು ತೋಟಕ್ಕೆ ಬಂದರು. ಮೈದುನ ಅಡ್ಡ ನಿಂತ. "ಅಮ್ಮಾ, ಹಸು ಬೇಡ."

"ಯಾಕಪ್ಪಾ? ನೀನು ಕೆರ್ದಿರೋದು ಸರಿಯಾಗಿದ್ರೆ ಬದುಕ್ತದೆ."

ಅವನು ಪಾತಿಗಳ ಕಡೆ ನೋಡಿದ, ಹಸುವಿನ ಕಡೆ ನೋಡಿದ. "ತಡಿ. ಇನ್ನೊಂದ್ ಸಲ ಕೆರೀತೀನಿ."

ಮತ್ತೆ ಮಂಡಿಯೂರಿ ಶುರುಮಾಡಿದ, ಬರಿಗೈಯಲ್ಲಿ, ಬೇರಿನ ಸಂದುಸಂದಲ್ಲಿ. ಉಗುರಲ್ಲಿ ರಕ್ತ ಬಂತು. ಅತ್ತೆ ಹಗ್ಗ ಹಿಡಿದೇ ನಿಂತಿದ್ದರು, ಕೂರಲಿಲ್ಲ, ಬೈಯಲೂ ಇಲ್ಲ. ಅವನು ಎದ್ದ ಮೇಲೆ ಹಸುವನ್ನು ಪಾತಿಯಿಂದ ಪಾತಿಗೆ ಬದಲಾಯಿಸಿ ಕಟ್ಟುತ್ತಾ ಹೋದರು. ಅದು ಮಣ್ಣು ಮೂಸಿದಾಗಲೆಲ್ಲ ಬಿಳಿ ಹರಳು ಕಾಣುತ್ತದಾ ಅಂತ ನಾನು ಬಗ್ಗಿ ನೋಡುತ್ತಿದ್ದೆ. ಕುರಿಯವನು ಬೇಲಿಯಾಚೆ ಕೂತು ಅದರ ಹೊಟ್ಟೆಯನ್ನೇ ನೋಡುತ್ತಿದ್ದ. ಹೊತ್ತು ಇಳಿಯಿತು. ಹಸು ಮಲಗಿತು, ಮೆಲುಕು ಹಾಕಿತು, ಎದ್ದು ಸಗಣಿ ಹಾಕಿತು. ಅವನು ಎದ್ದು ಕಂಬಳಿ ಕೊಡವಿದ. ಗೇಟು ತೆರೆಯಿತು.

ಆ ವರ್ಷ ಹೂವಿನ ಘಮ ರಸ್ತೆಯವರೆಗೂ ಹೊಡೆಯುತ್ತಿತ್ತು. ಗಿಡ ಕೀಳುವ ಮಾತು ಯಾರೂ ಎತ್ತಲಿಲ್ಲ.

ಮರುವರ್ಷ ಗಿಡ ಬಾಡಿಸಿ ಕಾದೆವು, ಅವನು ಬರಲಿಲ್ಲ. ಅತ್ತೆ ಮೈದುನನಿಗೆ, "ನೀನೇ ಹೋಗಿ ಕರಿ," ಅಂದರು. ಒಬ್ಬನೇ ಹೋಗಲು ಮುಜುಗರ, ನನ್ನನ್ನೂ ಕರೆದುಕೊಂಡು ಹೋದ. ಕಲ್ಯಾಣದುರ್ಗದಲ್ಲಿ ಬಸ್ ಇಳಿದು, ಜೀಪು ಹತ್ತಿ, ಅವನ ಹಟ್ಟಿ ಹುಡುಕಿದೆವು. ಅವನು ಕುರಿಯ ಗೊರಸು ಕತ್ತರಿಸುತ್ತಾ ಕೂತಿದ್ದ.

"ಬಾರಪ್ಪಾ," ಅಂದ ಮೈದುನನಿಗೆ, "ಈ ಕಾಲು ವಸಿ ಹಿಡ್ಕ." ಬಿಳಿ ಪ್ಯಾಂಟಿನಲ್ಲೇ ಮೈದುನ ಹಿಕ್ಕೆಯ ಮೇಲೆ ಕೂತು ಹಿಡಿದ.

"ಹೂ ಬಂತಾ?"

"ತುಂಬ ಬಂತು. ಈ ಸಲ ಮನೇಲಿ ಒಂದು ಹರಳು ಯೂರಿಯಾನೂ ಇಲ್ಲ. ಆಣೆಗೂ."

"ಸಂತೋಸ ಕಣಪ್ಪ." ಕತ್ತಿ ನಿಲ್ಲಲಿಲ್ಲ. "ಆದ್ರೆ ಆವತ್ತು ಗೇಟಲ್ಲಿ ನಿಮ್ಮಮ್ಮ ನಿಂತಿದ್ಲು. ಇನ್ನೊಂದಿನ ನಿಂತಿರ್ತಾಳೆ ಅಂತ ನಾನು ಹೆಂಗೆ ನಂಬ್ಕಂಡು ಬರ್ಲಿ?"

ಕುರಿಯವನು ಕುರಿಯನ್ನು ಮಗ್ಗುಲಿಗೆ ಹೊರಳಿಸಿದ. ಮೈದುನ ಹೇಳಿಸಿಕೊಳ್ಳದೆಯೇ ಇನ್ನೊಂದು ಕಾಲನ್ನೂ ಹಿಡಿದ. ಜೀಪಿನವನು ಹಾರ್ನ್ ಹೊಡೆಯುವವರೆಗೂ ಇಬ್ಬರೂ ಹಾಗೇ ಆ ಗೊರಸಿನ ಮೇಲೆ ಬಗ್ಗಿದ್ದರು. ನಾವು ಹೊರಟಾಗಲೂ ಕುರಿಯವನು ತಲೆ ಎತ್ತಲಿಲ್ಲ. ನಾನು ಅವನನ್ನು ನೋಡಿದ್ದು ಅದೇ ಕೊನೆ.