ಸುಣ್ಣದ ಬೊಟ್ಟಿನ ಮೊಗೆಕಾಯಿ

ನಮ್ಮ ಅಡುಗೆಮನೆಯಲ್ಲಿ ಒಲೆಯ ಮೇಲ್ಗಡೆ ಒಂದು ಬಿದಿರಿನ ಗಳ ಕಟ್ಟಿದೆ. ಬೇಸಿಗೆ ಮುಗಿಯುವ ಹೊತ್ತಿಗೆ ಅದರ ತುಂಬ ಮೊಗೆಕಾಯಿ ತೂಗುತ್ತವೆ. ಒಂದೊಂದಕ್ಕೂ ಬಾಳೆಪಟ್ಟೆಯ ಹಗ್ಗ. ಪೇಟೆಯವರು ಇದನ್ನು ಸಾಂಬಾರ್ ಸೌತೆ ಎನ್ನುತ್ತಾರೆ, ಎನ್ನಲಿ. ಮಳೆ ಹಿಡಿದು ಹೊರಗೆ ಕಾಲಿಡಲಾಗದ ದಿನ ಕೈ ಎತ್ತಿ ಒಂದನ್ನು ಬಿಚ್ಚಿಕೊಂಡರೆ ಹುಳಿಗೂ ಆಯಿತು, ಸಿಪ್ಪೆಯ ಚಟ್ನಿಗೂ ಆಯಿತು.

ನಾನು ಈ ಮನೆಗೆ ಸೊಸೆಯಾಗಿ ಬಂದ ಹೊಸದರಲ್ಲಿ, ಎಲ್ಲಕ್ಕಿಂತ ದಪ್ಪಗಿದ್ದ ತುದಿಯ ಕಾಯಿಗೆ ಕೈ ಹಾಕಿದ್ದೆ.

"ಅದಲ್ಲ ಹುಡ್ಗಿ. ಅದ್ಕೆ ಬೊಟ್ಟಿಟ್ಟಿದೀನಿ, ಕಾಣ್ಲಿಲ್ವಾ?" ಅಂದರು ಅತ್ತೆ.

ಕಾಯಿಯ ಹೊಟ್ಟೆಯ ಮೇಲೆ ಸುಣ್ಣದ ಒಂದು ಬೊಟ್ಟು ಇತ್ತು. ಗದ್ದೆಯಲ್ಲಿ ಬಳ್ಳಿ ಕಾಯಿ ಬಿಟ್ಟಾಗಲೇ ಅತ್ತೆ ಎಲೆಯಡಿಕೆ ತಟ್ಟೆ ಹಿಡಿದುಕೊಂಡು ಹೋಗಿ, ಚೆನ್ನಾಗಿ ಬಲಿಯುವಂಥ ಕಾಯಿ ನೋಡಿ, ಎಲೆಗೆ ಸುಣ್ಣ ಹಚ್ಚುವ ಬೆರಳಿನಲ್ಲೇ ಬೊಟ್ಟಿಟ್ಟು ಬರುತ್ತಿದ್ದರು. ಬೊಟ್ಟು ಬಿತ್ತು ಎಂದರೆ ಅದು ಬೀಜಕ್ಕೆ. ಮನೆಯವರಷ್ಟೇ ಅಲ್ಲ, ದಾರಿಯಲ್ಲಿ ಹೋಗುವವರೂ ಅದನ್ನು ಮುಟ್ಟುವಂತಿಲ್ಲ. ನಮ್ಮ ಕೇರಿಯಲ್ಲಿ ಇದು ಎಲ್ಲರಿಗೂ ಗೊತ್ತು. ರಿಪ್ಪನ್‌ಪೇಟೆಯಿಂದ ಹೊಸನಗರದ ರಸ್ತೆಯಲ್ಲಿ ಬಂದು ಒಳಗೆ ತಿರುಗಿದರೆ ಸಿಗುವ, ಒಂದು ಶಾಲೆ ಮತ್ತು ಒಂದು ಡೈರಿ ಇರುವ ಪುಟ್ಟ ಊರು ನಮ್ಮದು.

ಆ ಮೊಗೆಬೀಜ ಅತ್ತೆಯ ತವರಿನದು. ಅವರ ತವರು ಬ್ಯಾಕೋಡಿನ ಕಡೆ ಇತ್ತು. ಇತ್ತು ಎನ್ನಬೇಕು, ಏಕೆಂದರೆ ಅಣೆಕಟ್ಟಿನ ನೀರು ನಿಂತಾಗ ಊರೇ ಮುಳುಗಿತು. ಅತ್ತೆ ಆಗ ಲಂಗ ಉಡುವ ಹುಡುಗಿ. ಲಾರಿಗೆ ಸಾಮಾನು ಏರಿಸುವ ಗಡಿಬಿಡಿಯಲ್ಲಿ ಅವರ ಅಬ್ಬೆ ಬೂದಿಯಲ್ಲಿ ಕಲಸಿ ಒಣಗಿಸಿದ್ದ ಬೀಜವನ್ನು ಸೆರಗಿಗೆ ಗಂಟು ಕಟ್ಟಿಕೊಂಡರಂತೆ. ತೀರ್ಥಹಳ್ಳಿಯ ಕಡೆ ಬೇರೆ ಜಮೀನು ಸಿಕ್ಕಿತು, ಮನೆಯೂ ಆಯಿತು. ಕಾಲ ಕಳೆದಂತೆ ಅಣ್ಣತಮ್ಮಂದಿರು ಹಿಸ್ಸೆಯಾಗಿ ಒಬ್ಬೊಬ್ಬರು ಒಂದೊಂದು ದಿಕ್ಕು ಹಿಡಿದರು. ಅತ್ತೆಯ ಬಾಯಲ್ಲಿ ಮಾತ್ರ ತವರು ಎಂದರೆ ಆ ಮುಳುಗಿದ ಹಿತ್ತಲೇ. ಮತ್ತೆ ಒಮ್ಮೆಯೂ ಆ ಕಡೆ ಹೋಗಲಿಲ್ಲ. "ನೀರು ನೋಡಕ್ಕೆ ಹೋಗದಾ?" ಎನ್ನುತ್ತಿದ್ದರು.

ಇಂಥ ಬೀಜವನ್ನು ಬೇರೆ ಯಾರಾದರೂ ಆಗಿದ್ದರೆ ಬಚ್ಚಿಡುತ್ತಿದ್ದರು. ಅತ್ತೆ ಕೇಳಿದವರಿಗೆಲ್ಲ ಕೊಟ್ಟರು, ಕೇಳದವರಿಗೂ ಕೊಟ್ಟರು. ಬಸ್ಸಿನಲ್ಲಿ ಪಕ್ಕ ಕೂತವರಿಗೆ ಕೊಟ್ಟದ್ದನ್ನು ನಾನೇ ಕಂಡಿದ್ದೇನೆ. ನನ್ನ ಬಾಯಿ ಸ್ವಲ್ಪ ಜೋರು, "ನಮಗೂ ಒಂಚೂರು ಉಳ್ಸಿ ಅತ್ತೆ" ಎಂದು ರೇಗುತ್ತಿದ್ದೆ. ಅವರು ನಗುತ್ತಿದ್ದರು. ತನಗೆ ಎಂದು ಏನನ್ನೂ ಕೇಳದ ಹೆಂಗಸು. ಹಬ್ಬದ ದಿನವೂ ಎಲ್ಲರದೂ ಆದ ಮೇಲೆ ಪಾತ್ರೆಯ ತಳದಲ್ಲಿ ಉಳಿದದ್ದನ್ನು ಬಳಿದುಕೊಂಡು ಉಂಡು ಏಳುತ್ತಿದ್ದರು. ಇದಕ್ಕೂ ನಾನು ರೇಗುತ್ತಿದ್ದೆ.

ಶಾಲೆಗೆ ತರಕಾರಿ ಕೊಡುವುದು ಶುರುವಾದದ್ದು ಬಿಸಿಯೂಟದ ಅಡುಗೆಯವಳಿಂದ. ಅವಳು ನಮ್ಮ ಕೇರಿಯ ಕೊನೆಮನೆಯವಳು. ಪೇಟೆಯಿಂದ ಒಮ್ಮೆಲೇ ತಂದ ಎಲೆಕೋಸು, ಬೀನ್ಸ್ ಎರಡು ದಿನಕ್ಕೆ ಬಾಡಿಹೋಗುತ್ತಿತ್ತು. ಮಕ್ಕಳು ತರಕಾರಿಯನ್ನೆಲ್ಲ ತಟ್ಟೆಯ ಅಂಚಿಗೆ ಸರಿಸಿ ಬರೀ ಅನ್ನ ಉಣ್ಣುತ್ತವೆ ಎಂದು ಅವಳು ಡೈರಿಗೆ ಹಾಲು ಹಾಕಲು ಬಂದಾಗ ದಿನವೂ ಗೊಣಗುವಳು. ಅಷ್ಟರಲ್ಲಿ ಹೊಸನಗರದಲ್ಲಿ ನಮ್ಮ ಕೇರಿಯ ಹೆಂಗಸರಿಗೆ ಒಂದು ತರಬೇತಿಯಾಯಿತು. ಅಲ್ಲಿ ಒಬ್ಬ ಮೇಡಂ "ಆರೋಗ್ಯಕರ ಮತ್ತು ಸುಸ್ಥಿರ ಸ್ಥಳೀಯ ಆಹಾರ ವ್ಯವಸ್ಥೆ" ಎಂದರು. ಹೇಳಲು ಬಾಯಿ ತುಂಬುವ ಮಾತು, ನನಗೆ ಇಷ್ಟವಾಯಿತು. ಬಸ್ಸಿನಲ್ಲಿ ಬರುವಾಗ ಅದನ್ನು ತಪ್ಪಿಲ್ಲದೆ ಹೇಳುವ ಪಂದ್ಯ ಕಟ್ಟಿ ನಕ್ಕು ನಕ್ಕು ಸುಸ್ತಾದೆವು. ಆದರೆ ಮರುವಾರವೇ ನಮ್ಮ ನಮ್ಮ ಹಿತ್ತಲಿನ ತರಕಾರಿಯನ್ನೇ ಶಾಲೆಗೆ ಕಳಿಸುವುದು ಎಂದು ಮಾಡಿಕೊಂಡೆವು. ಉಳಿದದ್ದು ರಿಪ್ಪನ್‌ಪೇಟೆಯ ಸಂತೆಗೆ.

ಮೊದಲ ವರ್ಷ ಎಲ್ಲರೂ ಒಂದೇ ಸಲಕ್ಕೆ ಬಸಳೆ ಕಳಿಸಿ, ಮಕ್ಕಳು ಬಸಳೆ ಕಂಡರೆ ಓಡುವ ಹಾಗಾಯಿತು. ಆಮೇಲೆ ಒಂದೊಂದು ಮನೆಗೆ ಒಂದೊಂದು ತರಕಾರಿ ಎಂದು ಹಂಚಿಕೊಂಡೆವು. ಪಕ್ಕದ ಮನೆಯ ಅಕ್ಕನಿಗೆ ಅಲಸಂದೆ, ಆಚೆಮನೆಗೆ ಬದನೆ, ಅಡುಗೆಯವಳ ಮನೆಗೆ ಹರಿವೆ. ಮೊಗೆ ಯಾರದೆಂದು ಕೇಳುವುದೇ ಬೇಕಿರಲಿಲ್ಲ. ಅತ್ತೆಯ ಕಣ್ಣು ಆಗಲೇ ಮಂಜಾಗಿತ್ತು. ಆದರೂ ದಿನವೂ ಕೋಲೂರಿಕೊಂಡು ಗದ್ದೆಗೆ ಹೋಗಿ ಬಳ್ಳಿಯ ಬುಡದಲ್ಲಿ ಕೂತು ತಡವಿ ತಡವಿ ಕಾಯಿ ನೋಡಿ ಬರುತ್ತಿದ್ದರು. ಮೊಗೆಹುಳಿ ಮಾಡಿದ ದಿನ ಮಕ್ಕಳು "ಇವತ್ತು ಅಜ್ಜಿಹುಳಿ" ಎಂದು ಕೂಗುವುದು ನಮ್ಮ ಜಗಲಿಗೇ ಕೇಳಿಸುತ್ತಿತ್ತು. ಅತ್ತೆಯ ಮುಖ ಆಗ ನೋಡಬೇಕಿತ್ತು.

ಹೀಗೆ ಎರಡು ಬೇಸಿಗೆ ನಡೆಯಿತು. ಎರಡನೆಯ ಬೇಸಿಗೆಯಲ್ಲಿ, ಯುಗಾದಿಯ ಆಸುಪಾಸಿಗೆ, ನಾನು ತೀರ್ಥಹಳ್ಳಿಯಲ್ಲಿ ಒಂದು ಮದುವೆಗೆ ಹೋಗಿದ್ದೆ. ಆ ವಾರ ಅಕಾಲದಲ್ಲಿ ದೊಡ್ಡ ಮಳೆ ಬಂದು ಅತ್ತೆ ಗದ್ದೆಗೆ ಹೋಗುವುದೂ ನಿಂತಿತ್ತು. ಶಾಲೆಗೆ ಮೊಗೆ ಕಳಿಸುವ ದಿನ ನಾನಿಲ್ಲವೆಂದು ಪಕ್ಕದ ಮನೆಯ ಅಕ್ಕ ತಾನಾಗಿಯೇ ಗದ್ದೆಗಿಳಿದು ಕೊಯ್ದು ಕೊಟ್ಟಳು. ನೀರು ನಿಂತ ಗದ್ದೆಯಲ್ಲಿ ಕಾಯಿ ಕೊಳೆಯುತ್ತದೆ ಎಂದು, ಪಾಪ, ಒಂದನ್ನೂ ಬಿಡದೆ ಕೊಯ್ದಳು. ಬೊಟ್ಟಿಗಾಗಿ ಹುಡುಕಿದಳಂತೆ. ಮಳೆ ಎಲ್ಲ ಬೊಟ್ಟನ್ನೂ ತೊಳೆದುಕೊಂಡು ಹೋಗಿತ್ತು. ಬೊಟ್ಟಿಲ್ಲ ಎಂದ ಮೇಲೆ ಬೀಜದ ಕಾಯಿ ಕೊಯ್ದು ಗಳಕ್ಕೆ ಕಟ್ಟಿ ಆಗಿದೆ ಎಂದುಕೊಂಡಳು.

ನಾನು ಮದುವೆಯಿಂದ ಬಂದು ಕೇಳುವಷ್ಟರಲ್ಲಿ ಮಕ್ಕಳು ಮೂರು ದಿನ ಅಜ್ಜಿಹುಳಿ ಉಂಡಾಗಿತ್ತು. ಬೀಜ, ತಿರುಳು, ಸಿಪ್ಪೆ ಎಲ್ಲವೂ ಅಡುಗೆಯವಳ ಹಸುವಿನ ಕಲಗಚ್ಚಿಗೆ ಹೋಗಿತ್ತು.

ಅಕ್ಕ ಬಂದು ಅತ್ತೆಯ ಮುಂದೆ ಕೂತು ಅತ್ತಳು. ಅತ್ತೆ ಅವಳ ಬೆನ್ನು ತಡವಿ, "ಹೋಗ್ಲಿ ಬಿಡು ಮಾರಾಯ್ತಿ. ಮಕ್ಳು ಉಂಡ್ವಲ್ಲ" ಅಂದರು. ಅಂದರು, ಆದರೆ ಆ ದಿನ ಎಲೆಯಡಿಕೆ ತಟ್ಟೆ ತೆರೆಯಲಿಲ್ಲ. ಮರುದಿನವೂ ತೆರೆಯಲಿಲ್ಲ. ಊಟಕ್ಕೆ ಕರೆದರೆ ಬಂದು ಕೂರುವರು, ಎರಡು ತುತ್ತು ಕಲಸಿ ಎದ್ದುಬಿಡುವರು. ಗದ್ದೆಯ ಕಡೆ ಹೋಗುವುದನ್ನೂ ಬಿಟ್ಟರು. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು. 

ಅಷ್ಟು ಮನೆಗೆ ಬೀಜ ಕೊಟ್ಟಿದ್ದಾರೆ, ಎಲ್ಲಾದರೂ ಸಿಕ್ಕೇ ಸಿಗುತ್ತದೆ ಎಂದು ಕೇರಿಯಲ್ಲಿ ಮನೆಮನೆಗೂ ಹೋದೆ. ಎಲ್ಲ ಕಡೆಯೂ ಒಂದೇ ಉತ್ತರ. "ನಿಮ್ಮನೇಲಿ ಇರ್ತದಲ್ಲ ಅಂತ ನಾವು ಇಟ್ಕಳ್ಲೇ ಇಲ್ಲ ಕಣೆ." ಒಂದೊಂದು ಮನೆಗೆ ಒಂದೊಂದು ತರಕಾರಿ ಎಂದು ಜಾಣತನದಿಂದ ಹಂಚಿಕೊಂಡವರು ನಾವೇ. ಅದಾದ ಮೇಲೆ ನಮ್ಮ ಮನೆ ಬಿಟ್ಟು ಬೇರೆ ಯಾರೂ ಮೊಗೆ ಹಾಕಿರಲಿಲ್ಲ. ಅತ್ತೆ ನೋಡಿದರೆ, ಊರಲ್ಲೆಲ್ಲ ಇದೆ ಎಂದು ತಮ್ಮ ಹತ್ತಿರ ಇದ್ದದ್ದನ್ನೆಲ್ಲ ಕೊಟ್ಟು ಕೂತಿದ್ದರು. ನನಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ.

ಪಕ್ಕದ ಮನೆಯ ಅಕ್ಕನಿಗೇ ನೆನಪಾಯಿತು. ಅವಳ ಮಗಳನ್ನು ನಿಟ್ಟೂರಿಗೆ ಕೊಟ್ಟಿದೆ. ಮಗಳಿಗೆ ಹಿಂದೊಮ್ಮೆ ಬೀಜ ಕೊಟ್ಟು ಕಳಿಸಿದ್ದಳು. ಫೋನು ಹತ್ತಲಿಲ್ಲ, ಆ ಕಡೆ ಸಿಗ್ನಲ್ ಸಿಗುವುದು ಅಷ್ಟಕ್ಕಷ್ಟೆ. ಇಬ್ಬರೂ ಬೆಳಗಿನ ಬಸ್ಸು ಹತ್ತಿದೆವು. ಮಗಳು ನಮ್ಮನ್ನು ಕಂಡು ಗಾಬರಿಯಾದಳು, ಆಮೇಲೆ ವಿಷಯ ಕೇಳಿ ತಲೆ ಮೇಲೆ ಕೈಯಿಟ್ಟುಕೊಂಡಳು.

"ನಮ್ಮನೇದ್ನ ಮಂಗ ಬಿಟ್ರೆ ತಾನೆ ಅಮ್ಮ? ಹೂವೇ ಉಳೀಲಿಲ್ಲ. ಆದ್ರೆ ಆ ವರ್ಷ ನನ್ನ ಓರಗಿತ್ತಿ ಅವಳ ತವರಿಗೆ ಒಂದು ಮುಷ್ಟಿ ತಗಂಡ್ಹೋಗಿದ್ಲು."

"ಅವಳ ತವರು ಎಲ್ಲಿ?" ಅಂದೆ.

"ಬ್ಯಾಕೋಡು."

ನಾನೂ ಅಕ್ಕನೂ ಮುಖ ಮುಖ ನೋಡಿಕೊಂಡೆವು. ಅಕ್ಕ ಎದ್ದು ಸೆರಗು ಸೊಂಟಕ್ಕೆ ಸಿಕ್ಕಿಸಿ, "ಬಸ್ಸು ಎಷ್ಟೊತ್ತಿಗೆ?" ಅಂದಳು.

ಬ್ಯಾಕೋಡಿನಲ್ಲಿ ಇಳಿದು ಕೇಳುತ್ತ ಕೇಳುತ್ತ ಆ ಮನೆ ಹುಡುಕಿದೆವು. ಹಿನ್ನೀರಿನ ಅಂಚಿನ ಮನೆ. ಬೇಸಿಗೆಯಾದ್ದರಿಂದ ನೀರು ಹಿಂದೆ ಸರಿದು, ಮುಳುಗಿದ್ದ ಮರಗಳ ಕರೀ ಬೊಡ್ಡೆಗಳು ಎದ್ದು ನಿಂತಿದ್ದವು. ಮನೆಯೊಡತಿ, ಓರಗಿತ್ತಿಯ ಅಮ್ಮ, ನಮ್ಮ ವಯಸ್ಸಿನವಳೇ. ಅವಳು ಬೆಲ್ಲ ನೀರು ಕೊಟ್ಟಳು. ನಾನು ತಲೆ ಎತ್ತಿ ನೋಡಿದೆ. ಪಡಸಾಲೆಯ ಜಂತಿಯಲ್ಲಿ ಬಾಳೆಪಟ್ಟೆಯ ಹಗ್ಗದಲ್ಲಿ ಮೊಗೆಕಾಯಿಗಳಿದ್ದವು. ಎರಡು ಕಾಯಿಯ ಹೊಟ್ಟೆಯ ಮೇಲೆ ಸುಣ್ಣದ ಬೊಟ್ಟು. ನಾನು ಅಕ್ಕನ ಕೈ ಹಿಡಿದು ಮೇಲೆ ತೋರಿಸಿದೆ.

"ಇದು ಎಂತಕ್ಕೆ ಬೊಟ್ಟು?" ಎಂದು ಅಕ್ಕನೇ ಕೇಳಿದಳು.

"ಬೀಜಕ್ಕೆ. ಬೀಜ ಕೊಡೋವಾಗ ಹೀಂಗೆ ಮಾಡ್ಬೇಕು ಅಂತ ನಮ್ಮ ಹುಡ್ಗಿ ಹೇಳಿದ್ಲು. ಅವಳಿಗೆ ನಿಟ್ಟೂರಲ್ಲಿ ಯಾರೋ ಹೇಳಿದ್ರಂತೆ."

ನಾವು ಎಲ್ಲವನ್ನೂ ಹೇಳಿದೆವು. ಅತ್ತೆಯ ಮುಳುಗಿದ ಊರಿನ ಹೆಸರು ಹೇಳಿದಾಗ ಆಕೆ ಎದ್ದು ನಮ್ಮನ್ನು ಅಂಗಳಕ್ಕೆ ಕರೆದುಕೊಂಡು ಬಂದು ಕೈ ಚಾಚಿದಳು. "ಅಗೋ, ಆ ಬೊಡ್ಡೆಗಳು ಕಾಣ್ತಾವಲ್ಲ, ಅದ್ರಿಂದ ಆಚೆ. ನಮ್ಮತ್ತೆ ತೋರಿಸ್ತಿದ್ರು. ನಮ್ಮ ಗದ್ದೆ ಇರದೂ ಅದೇ ಮಗ್ಗುಲಲ್ಲಿ. ನೀರು ಇಳಿದ್ಮೇಲೆ ಅಲ್ಲೇ ಮೊಗೆ ಹಾಕದು."

ಬೀಜ ಯಾವ ಮಣ್ಣಿನಿಂದ ಹೊರಟಿತ್ತೋ ಅದರ ಪಕ್ಕಕ್ಕೇ, ಯಾರಿಗೂ ಗೊತ್ತಾಗದ ಹಾಗೆ, ಕೈಯಿಂದ ಕೈಗೆ ದಾಟಿ ಬಂದಿತ್ತು. ನಾನು ಅತ್ತೆಗೆ ರೇಗಿದ್ದೆಲ್ಲ ನೆನಪಾಗಿ ಅಲ್ಲೇ ನಿಂತು ಅತ್ತುಬಿಟ್ಟೆ.

ಹೊರಡುವಾಗ ಆಕೆ ಬೊಟ್ಟಿಟ್ಟ ಒಂದು ಕಾಯಿಯನ್ನೇ ಬಿಚ್ಚಿದಳು. ಬೀಜದ್ದು ಬೇಡ, ಸಾದಾ ಕಾಯಿ ಸಾಕು ಎಂದು ನಾವು ಎಷ್ಟು ಹೇಳಿದರೂ ಕೇಳಲಿಲ್ಲ. ನನಗೆ ಕುಂಕುಮವಿಟ್ಟು, ಸೆರಗು ಒಡ್ಡಲು ಹೇಳಿ, ಅಕ್ಕಿ, ಎಲೆಯಡಿಕೆ, ಒಂದು ತೆಂಗಿನಕಾಯಿ ಹಾಕಿ, ಮೇಲೆ ಆ ಮೊಗೆಕಾಯಿ ಇಟ್ಟಳು. "ಇದು ನಿಮಗಲ್ಲ. ನಿಮ್ಮತ್ತೆ ಮಡಿಲಿಗೆ ಹಾಕಿ. ತವರಿಂದ ಬಂತು ಅಂತ ಹೇಳಿ."

ಬರುವಾಗ ಸಾಗರದ ಬಸ್ಸು ಸಿಕ್ಕಿತು. ಈಗ ಸೇತುವೆಯಾಗಿದೆ, ಲಾಂಚಿಗೆ ಕಾಯುವ ಕೆಲಸವಿಲ್ಲ. ಬಸ್ಸು ನೀರಿನ ಮೇಲೆ ಸಾಗುವಾಗ ಅಕ್ಕ ತನ್ನ ತೊಡೆಯ ಮೇಲಿದ್ದ ಮೊಗೆಕಾಯಿಗೆ ಸೆರಗು ಹೊದಿಸಿದಳು. ಬಿಸಿಲು ತಾಗುತ್ತದೆ ಎಂದಳು. ಊರು ಮುಟ್ಟುವವರೆಗೂ ಅದನ್ನು ನನ್ನ ಕೈಗೆ ಕೊಡಲೇ ಇಲ್ಲ.

ಅತ್ತೆ ಜಗಲಿಯಲ್ಲಿ ಕೂತಿದ್ದರು. ನಾನು ಅವರ ಸೆರಗು ಬಿಡಿಸಿ, ಆಕೆ ಹಾಕಿಕೊಟ್ಟ ಹಾಗೆಯೇ ಅಕ್ಕಿ, ಎಲೆಯಡಿಕೆ, ತೆಂಗಿನಕಾಯಿ, ಮೊಗೆಕಾಯಿ ಹಾಕಿದೆ. ಅತ್ತೆ ಕಾಯಿಯನ್ನು ಎರಡೂ ಕೈಯಲ್ಲಿ ತಡವಿದರು. ಬೆರಳು ಸುಣ್ಣದ ಬೊಟ್ಟಿನ ಮೇಲೆ ಬಂದು ನಿಂತಿತು.

"ಯಾರು ಕೊಟ್ರು?"

"ತವರಿಂದ ಬಂತು, ಅತ್ತೆ" ಅಂದೆ. ನಿಟ್ಟೂರು, ಬ್ಯಾಕೋಡು, ಆ ಮಗ್ಗುಲ ಗದ್ದೆ, ಎಲ್ಲ ಹೇಳಿದೆ. ಅವರು ಕಾಯಿಯನ್ನು ಮೂಗಿನ ಹತ್ತಿರ ತಂದು ಮೂಸಿದರು.

"ಅಲ್ಲೀ ನೀರೇ ಕುಡ್ದು ಬೆಳ್ದಿದ್ದಾ ಇದು?"

"ಹೌದು ಅತ್ತೆ."

"ಬೀಜ ತೆಗ್ದು ಬೂದೀಲಿ ಕಲ್ಸಿಡು. ಎಲ್ಲಾ ಮನೆಗೂ ಕೊಡು" ಅಂದರು. ಈಗ ನಮ್ಮ ಕೇರಿಯಲ್ಲಿ ಯಾವ ತರಕಾರಿ ಯಾರ ಪಾಲಿಗೇ ಬರಲಿ, ಮೊಗೆಯ ಒಂದು ಬಳ್ಳಿ ಮಾತ್ರ ಪ್ರತಿ ಮನೆಯಲ್ಲೂ ಇರಬೇಕು, ಒಂದು ಕಾಯಿ ಗಳದಲ್ಲಿ ತೂಗಬೇಕು ಎಂದು ಮಾಡಿದ್ದೇವೆ. ಆದರೆ ಅವತ್ತು ನನಗೆ ಅದೆಲ್ಲ ತಲೆಯಲ್ಲಿರಲಿಲ್ಲ. ಕಾಯಿ ತೆಗೆದುಕೊಂಡು ಎದ್ದು, ಉಳಿದ ಹೋಳು ಶಾಲೆಗೆ ತಾನೇ ಎಂದು ಕೇಳಿದೆ.

ಅತ್ತೆ ತಲೆ ತಗ್ಗಿಸಿ, ಸಣ್ಣ ಹುಡುಗಿಯ ಹಾಗೆ ನಾಚಿಕೊಂಡು ಹೇಳಿದರು. "ಇದೊಂದು ಶಾಲೆಗೆ ಬ್ಯಾಡ. ನಂಗೆ ಹುಳಿ ಮಾಡು ಹುಡ್ಗಿ. ತವರಿನ ಊಟ ಉಂಡು ಎಷ್ಟೋ ಕಾಲ ಆತು."

ನಂಗೆ ಎಂಬ ಮಾತು ಅವರ ಬಾಯಲ್ಲಿ ನಾನು ಕೇಳಿದ್ದು ಅದೇ ಮೊದಲು. ಒಲೆ ಹೊತ್ತಿಸಿ ಹುಳಿ ಮಾಡಿದೆ. ಎಲ್ಲರಿಗಿಂತ ಮೊದಲು ಅವರಿಗೇ ಎಲೆ ಹಾಕಿ ಬಡಿಸಿದೆ. ಅತ್ತೆ ಹೋಳನ್ನು ಒಂದೊಂದಾಗಿ ತಡವಿ ತಡವಿ ಉಂಡು, ಎಲೆಯ ಅಂಚು ಮುಟ್ಟಿ ನೋಡಿಕೊಂಡು, "ಇನ್ನೊಂಚೂರು ಹಾಕು" ಅಂದರು.